ಯಾರಿಂದ ಬಂತು ಎಂದು ಕೇಳುವ ಮೊದಲು

ಹೊಳೆಬಾಗಿಲಿನ ಲಾಂಚಿನಲ್ಲಿ ಗುಟ್ಟನ್ನು ಆಚೆ ದಡಕ್ಕೆ ಸಾಗಿಸುವುದು ಸುಲಭವಿರಲಿಲ್ಲ. ಲಾಂಚು ಹತ್ತಿದವರಲ್ಲಿ ಅರ್ಧ ಜನ ಪರಿಚಿತರು, ಉಳಿದರ್ಧ ಪರಿಚಿತರ ನೆಂಟರು. ಕೈಯಲ್ಲಿ ಆಸ್ಪತ್ರೆಯ ಫೈಲು ಕಂಡರೆ ‘ಯಾರಿಗೆ ಹುಷಾರಿಲ್ಲ ಮಾರಾಯ್ರೆ?’ ಎಂಬ ಪ್ರಶ್ನೆ ಹಿನ್ನೀರಿನ ನಡುವೆಯೇ ಎದುರಾಗುತ್ತಿತ್ತು. ಬಿ.ಪಿ., ಶುಗರ್, ಮಂಡಿನೋವು ಆಗಿದ್ದರೆ ಉತ್ತರ ಸಲೀಸು. 2025ರ ಜುಲೈ 14ರಂದು ಅದೇ ಹಿನ್ನೀರಿಗೆ ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ತುಮರಿ, ಬ್ಯಾಕೋಡು ಕಡೆಯವರು ಯಾರ ಪ್ರಶ್ನೆಗೂ ಸಿಗದೆ ಸಾಗರಕ್ಕೆ ಹೋಗಿ ಬರಬಹುದು. ಆದರೂ ಒಂದು ಕಾಯಿಲೆಯವರು ಸಾಗರದಲ್ಲಿ ಬಸ್ಸು ಇಳಿಯಲು ಹಿಂಜರಿದು ಶಿವಮೊಗ್ಗದವರೆಗೂ ಟಿಕೆಟ್ ಮಾಡಿಸುತ್ತಾರೆ. ತೀರ್ಥಹಳ್ಳಿಯವರಾದರೆ ಆಗುಂಬೆ ಘಾಟಿ, ಹೊಸನಗರದವರಾದರೆ ಹುಲಿಕಲ್ ಘಾಟಿ ಇಳಿದು ಮಣಿಪಾಲ ಸೇರುತ್ತಾರೆ. ಬರೆದುಕೊಟ್ಟ ಚೀಟಿಯ ಮಾತ್ರೆಗಳನ್ನೂ ಅಲ್ಲೇ ಕೊಂಡು, ಪೊಟ್ಟಣವನ್ನು ಬ್ಯಾಗಿನ ತಳಕ್ಕೆ ತುರುಕಿಕೊಂಡು ಊರಿಗೆ ಮರಳುತ್ತಾರೆ.

ಆ ಕಾಯಿಲೆ ಜನನಾಂಗದ ಹರ್ಪಿಸ್. ಈ ಅಂಕಣದಲ್ಲಿ ಅದನ್ನು ‘ಆ ಜಾಗದ ಹುಣ್ಣು’ ಎಂದು ಸುತ್ತಿಬಳಸಿ ಬರೆಯುವುದಿಲ್ಲ. ವೈರಸ್ಸಿನ ಮಾತು ಈ ಸೀಮೆಗೆ ಹೊಸದೂ ಅಲ್ಲ. ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಬಗ್ಗೆ ನಮ್ಮ ಅಡಿಕೆ ಕೊನೆಗಾರನಿಂದ ಹಿಡಿದು ಅಂಗನವಾಡಿ ಟೀಚರ್‌ವರೆಗೆ ಎಲ್ಲರೂ ಮಾತಾಡಬಲ್ಲರು: ಉಣುಗಿನಿಂದ ಬರುತ್ತದೆ, ಮಂಗ ಸತ್ತಲ್ಲಿ ಹೋಗಬಾರದು, ಉಣುಗು ತಡೆಯುವ ಎಣ್ಣೆ ಹಚ್ಚಿಕೊಳ್ಳಬೇಕು. ಜೀವ ತೆಗೆಯುವ ವೈರಸ್ಸಿನ ಬಗ್ಗೆ ಇಷ್ಟು ತಿಳಿದವರು, ಜೀವಕ್ಕೆ ಹೆಚ್ಚೇನೂ ಮಾಡದ ಇನ್ನೊಂದು ವೈರಸ್ಸಿನ ಎದುರು ಮಾತೇ ಹೊರಡದೆ ನಿಲ್ಲುತ್ತಾರೆ.

ಈ ವೈರಸ್ಸಿನ ಸ್ವಭಾವ ಅರ್ಥವಾಗಬೇಕಾದರೆ ನಮಗೆ ಚೆನ್ನಾಗಿ ಗೊತ್ತಿರುವ ಅದರ ದಾಯಾದಿಯಿಂದ ಶುರುಮಾಡುವುದು ಒಳ್ಳೆಯದು. ಸರ್ಪಸುತ್ತು ನೋಡದ ಮನೆ ಮಲೆನಾಡಿನಲ್ಲಿ ಇರಲಾರದು. ಅರವತ್ತು ದಾಟಿದ ಅಜ್ಜನಿಗೆ ಪಕ್ಕೆಯಲ್ಲಿ ಉರಿ ಶುರುವಾಗಿ, ಎರಡು ದಿನಕ್ಕೆ ಗುಳ್ಳೆ ಸಾಲು ಎದ್ದು, ಹಾವಿನ ತಲೆ ಬಾಲ ಕೂಡಿದರೆ ಕೆಟ್ಟಿತು ಎಂದು ಮನೆಯವರೆಲ್ಲ ಹೆದರಿ, ಕೆಮ್ಮಣ್ಣು ಹಚ್ಚಿಸಿ, ನಾಗನಿಗೆ ಹರಕೆ ಹೊರುತ್ತಾರೆ. ನಿಜವಾಗಿ ಆಗಿರುವುದೇನೆಂದರೆ, ಅಜ್ಜನಿಗೆ ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದಿತ್ತು. ಗುಳ್ಳೆ ಒಣಗಿ ಮೈ ತೊಳೆದ ಮೇಲೂ ವೈರಸ್ಸು ದೇಹ ಬಿಟ್ಟು ಹೋಗಲಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ಐವತ್ತು ವರ್ಷ ಸದ್ದಿಲ್ಲದೆ ಮಲಗಿತ್ತು, ವಯಸ್ಸಾಗಿ ಮೈಯ ಕಾವಲು ಸಡಿಲವಾದಾಗ ಅದೇ ನರದ ದಾರಿ ಹಿಡಿದು ಹೊರಗೆ ಬಂತು. ಅದರ ವೈದ್ಯಕೀಯ ಹೆಸರು ಹರ್ಪಿಸ್ ಜೋಸ್ಟರ್. ಜನನಾಂಗದಲ್ಲಿ ಹುಣ್ಣು ಮಾಡುವುದು ಹರ್ಪಿಸ್ ಸಿಂಪ್ಲೆಕ್ಸ್. ಇಬ್ಬರದೂ ಒಂದೇ ಕುಟುಂಬ, ಒಂದೇ ಚಾಳಿ. ಒಮ್ಮೆ ಒಳಗೆ ಬಂದರೆ ನರಗಂಟಿನಲ್ಲಿ ಮನೆ ಮಾಡಿಕೊಂಡು ಆಗಾಗ ಹೊರಗೆ ಇಣುಕುವುದು.

ಸಿಂಪ್ಲೆಕ್ಸ್‌ನಲ್ಲಿ ಎರಡು ಬಗೆ. ಒಂದನೆಯದು ಹೆಚ್ಚಾಗಿ ತುಟಿಯ ಸುತ್ತ ಕಾಣುತ್ತದೆ. ಜ್ವರ ಬಂದು ಹೋದ ಮೇಲೆ ತುಟಿಯಂಚಿನಲ್ಲಿ ಏಳುವ, ‘ಜೇಡ ಹರಿದಿದೆ’ ಎಂದು ಸುಮ್ಮನಾಗುವ ಆ ಗುಳ್ಳೆಗಳೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಐವತ್ತು ವರ್ಷದೊಳಗಿನ 380 ಕೋಟಿ ಜನರಲ್ಲಿ, ಅಂದರೆ ಮೂವರಲ್ಲಿ ಇಬ್ಬರಲ್ಲಿ ಇದು ಇದೆ. ಬಹುಪಾಲು ಜನರಿಗೆ ಬಾಲ್ಯದಲ್ಲಿ ಮನೆಯವರ ಮುತ್ತಿನಿಂದ ಬಂದದ್ದು. ಎರಡನೆಯ ಬಗೆ ಲೈಂಗಿಕ ಸಂಪರ್ಕದಿಂದ ಬರುತ್ತದೆ, ಸೊಂಟದ ಕೆಳಗೆ ಕಾಣುತ್ತದೆ, ಬೆನ್ನಿನ ಬುಡದ ನರಗಂಟಿನಲ್ಲಿ ಅಡಗುತ್ತದೆ. ಆದರೆ ಗಡಿ ಅಷ್ಟು ಕಟ್ಟುನಿಟ್ಟಲ್ಲ. ತುಟಿಯ ವೈರಸ್ಸು ಬಾಯಿಯ ಮೂಲಕ ಜನನಾಂಗಕ್ಕೂ ದಾಟುತ್ತದೆ. ಎರಡೂ ಸೇರಿ 15ರಿಂದ 49 ವಯಸ್ಸಿನ ಸುಮಾರು 84 ಕೋಟಿ 60 ಲಕ್ಷ ಜನ ಜನನಾಂಗದ ಹರ್ಪಿಸ್ ಹೊತ್ತಿದ್ದಾರೆ ಎಂದು ಅದೇ ಸಂಸ್ಥೆ 2024ರ ಕೊನೆಯಲ್ಲಿ ಹೇಳಿತು. ಐವರಲ್ಲಿ ಒಬ್ಬರಿಗಿಂತ ಹೆಚ್ಚು.

ಅದೆಲ್ಲ ಹೊರದೇಶದ ಲೆಕ್ಕ, ನಮ್ಮಲ್ಲಿ ಹಾಗಿಲ್ಲ ಎನ್ನುವವರಿಗೆ ಮೈಸೂರಿನ ಒಂದು ಅಧ್ಯಯನ ಉತ್ತರ ಕೊಡುತ್ತದೆ. 2005–06ರಲ್ಲಿ 15ರಿಂದ 30 ವಯಸ್ಸಿನ ಸುಮಾರು ಒಂಬೈನೂರು ಮಹಿಳೆಯರನ್ನು ಅಲ್ಲಿ ಪರೀಕ್ಷಿಸಿದರು. ಹೆಚ್ಚುಕಮ್ಮಿ ಹತ್ತರಲ್ಲೊಬ್ಬರ ರಕ್ತದಲ್ಲಿ ಎರಡನೆಯ ಬಗೆಯ ಹರ್ಪಿಸ್‌ನ ಗುರುತು ಸಿಕ್ಕಿತು. ಸಾಗರ, ಹೊಸನಗರ, ತೀರ್ಥಹಳ್ಳಿ ಬೇರೆ ಲೋಕದಲ್ಲಿವೆ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ವಾರಕ್ಕೊಮ್ಮೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಮಕ್ಕಳಿರುವ, ಹೊರಗಿನಿಂದ ಮದುಮಗಳನ್ನು ತರುವ, ಗಲ್ಫಿಗೆ ದುಡಿಯಲು ಕಳಿಸುವ ಊರುಗಳಿವು.

ಮೊದಲ ಸಲ ಕಾಣಿಸಿಕೊಂಡಾಗ ಇದು ಹೆದರಿಸುತ್ತದೆ, ಅದನ್ನು ಸಣ್ಣದು ಮಾಡಿ ಹೇಳುವುದು ಸರಿಯಲ್ಲ. ಸೋಂಕು ತಗಲಿದ ಎರಡರಿಂದ ಹನ್ನೆರಡು ದಿನದೊಳಗೆ ಮೈ ಕೈ ನೋವು, ಜ್ವರ, ತೊಡೆಸಂದಿಯಲ್ಲಿ ಗಂಟು, ಆಮೇಲೆ ನೀರು ತುಂಬಿದ ಸಣ್ಣ ಗುಳ್ಳೆಗಳ ಗುಂಪು. ಅವು ಒಡೆದು ಹಸಿ ಹುಣ್ಣಾಗುತ್ತವೆ. ಹೆಂಗಸರಿಗೆ ಮೂತ್ರ ಮಾಡುವಾಗ ಪ್ರಾಣ ಹೋಗುವಷ್ಟು ಉರಿ. ಎರಡು ಮೂರು ವಾರ ಹೀಗೆ. ನಮ್ಮಲ್ಲಿ ಇದಕ್ಕೆ ಮೊದಲು ಬೀಳುವ ಹೆಸರು ‘ಉಷ್ಣ’. ಬಾರ್ಲಿ ನೀರು, ಎಳನೀರು, ಮುರುಗಲ ಪಾನಕ, ಒಂದೆಲಗದ ತಂಬುಳಿ. ಇವುಗಳಿಂದ ಕೆಡುಕಿಲ್ಲ, ನೀರು ಹೆಚ್ಚು ಒಳಗೆ ಹೋದರೆ ಮೂತ್ರದ ಉರಿ ಕಡಿಮೆಯೂ ಆಗುತ್ತದೆ. ಆದರೆ ಗುಳ್ಳೆಯನ್ನು ಹುಳಕಡ್ಡಿ ಎಂದುಕೊಂಡು ಮೆಡಿಕಲ್ ಶಾಪಿನ ಹುಡುಗ ಕೊಟ್ಟ ಸ್ಟೆರಾಯ್ಡ್ ಬೆರೆತ ಮುಲಾಮನ್ನು ಹಚ್ಚಿದರೆ ಹುಣ್ಣು ಹಬ್ಬುತ್ತದೆ. ಮಳೆಗಾಲದಲ್ಲಿ ಒದ್ದೆ ಬಟ್ಟೆಯಲ್ಲೇ ತೋಟ ಗದ್ದೆ ತಿರುಗಿ ಸಂದಿಯಲ್ಲಿ ತುರಿಕೆ ಬರುವುದು ಇಲ್ಲಿ ಮಾಮೂಲು, ಅದರಿಂದಾಗಿಯೇ ಈ ಎಡವಟ್ಟು ಸಾಮಾನ್ಯ. ಹುಳಕಡ್ಡಿಗೆ ತುರಿಕೆ ಮುಂದು, ಹರ್ಪಿಸ್‌ಗೆ ಉರಿ ನೋವು ಮುಂದು. ಅಷ್ಟಾದರೂ ನೆನಪಿದ್ದರೆ ಡಾಕ್ಟರ ಬಳಿ ಹೋಗುವುದು ತಡವಾಗುವುದಿಲ್ಲ.

ಎಷ್ಟೋ ಜನಕ್ಕೆ ಇಷ್ಟೂ ಆಗುವುದಿಲ್ಲ ಎಂಬುದು ಇದರ ಇನ್ನೊಂದು ಮುಖ. ಒಂದು ಸಣ್ಣ ಬಿರುಕು, ಎರಡು ದಿನದ ನವೆ, ಸವಾರಿ ಮಾಡಿ ಬೈಕಿನ ಸೀಟು ಉಜ್ಜಿದ ಹಾಗೆ ಒಂದು ಕೆಂಪು. ಅಷ್ಟಕ್ಕೆ ಮುಗಿಯಿತು. ಸೋಂಕು ಇರುವವರಲ್ಲಿ ಬಹುತೇಕರಿಗೆ ಅದು ಇರುವುದೇ ತಿಳಿಯದು. ಗುಳ್ಳೆಯೇ ಇಲ್ಲದ ದಿನಗಳಲ್ಲೂ ವೈರಸ್ಸು ಚರ್ಮದ ಮೇಲೆ ಬಂದು ಹೋಗುತ್ತಿರುತ್ತದೆ, ಹಾಗಾಗಿ ತಿಳಿಯದವರಿಂದ ತಿಳಿಯದವರಿಗೆ ದಾಟುತ್ತದೆ. ಈ ಒಂದು ಸಂಗತಿಯನ್ನು ಮನೆಮಂದಿ ಒಪ್ಪಿಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಮದುವೆಯಾಗಿ ಒಂಬತ್ತು ವರ್ಷವಾದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಹೆಂಡತಿಗೆ ಗುಳ್ಳೆ ಎದ್ದಿದೆ, ಡಾಕ್ಟರು ಹೆಸರು ಹೇಳಿದ್ದಾರೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಅವಳು ಕೇಳುತ್ತಾಳೆ: ‘ಸತ್ಯ ಹೇಳಿ, ಎಲ್ಲಿಗೆ ಹೋಗಿದ್ರಿ ನೀವು?’ ಅವನು ತಿರುಗಿ: ‘ನಂಗೆ ಎಂತದೂ ಇಲ್ಲ ಮಾರಾಯ್ತಿ. ಬಂದಿದ್ದು ನಿಂಗೆ. ನೀನೇ ಹೇಳು.’ ಎರಡು ದಿನಕ್ಕೆ ಮಾತು ಅತ್ತೆಯ ಕಿವಿಗೆ, ವಾರದೊಳಗೆ ತವರುಮನೆಗೆ. ಇಬ್ಬರ ಮಾತೂ ನಿಜವಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. ಅವನಿಗೆ ಮದುವೆಗೂ ಮುಂಚೆ ಎಂದೋ ಬಂದಿದ್ದು, ಗುಳ್ಳೆಯೇ ಏಳದೆ ಉಳಿದಿರಬಹುದು. ಅವಳಿಗೆ ನಾಲ್ಕು ವರ್ಷದ ಹಿಂದೆಯೇ ತಗಲಿದ್ದು, ಈಗ ಟೈಫಾಯ್ಡ್ ಆಗಿಯೋ ಬಾಣಂತನದ ಸುಸ್ತಿನಿಂದಲೋ ಮೊದಲ ಬಾರಿ ಹೊರಗೆ ಬಂದಿರಬಹುದು. ಅವನ ತುಟಿಯ ಗುಳ್ಳೆಯಿಂದಲೇ ಅವಳಿಗೆ ಕೆಳಗೆ ಬಂದಿರಬಹುದು. ಮೊದಲು ಕಂಡ ದಿನವನ್ನು ಸೋಂಕು ತಗಲಿದ ದಿನ ಎಂದು ಎಣಿಸಿ ಹಿಂದಕ್ಕೆ ಲೆಕ್ಕ ಹಾಕುವುದು, ಸರ್ಪಸುತ್ತು ಎದ್ದ ಅಜ್ಜನಿಗೆ ‘ಹೋದ ವಾರ ಯಾರ ಮನೆಗೆ ಹೋಗಿ ಸೀತಾಳೆ ಹತ್ತಿಸಿಕೊಂಡೆ?’ ಎಂದು ಕೇಳಿದಷ್ಟೇ ಅಸಂಬದ್ಧ. ವಂಚನೆ ಎಲ್ಲೂ ನಡೆಯುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನಡೆದಿದೆಯೋ ಇಲ್ಲವೋ ಎಂಬುದಕ್ಕೆ ಈ ಗುಳ್ಳೆ ಸಾಕ್ಷಿ ಹೇಳಲಾರದು, ಅಷ್ಟೆ.

ಸಾಕ್ಷಿ ಹುಡುಕುವವರು ಆಮೇಲೆ ಓಡುವುದು ಲ್ಯಾಬಿಗೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಹರ್ಪಿಸ್‌ಗೆ ನಂಬಬಹುದಾದ ಪರೀಕ್ಷೆ ಎಂದರೆ ಹಸಿ ಗುಳ್ಳೆಯ ನೀರನ್ನು ಹತ್ತಿಕಡ್ಡಿಯಲ್ಲಿ ತೆಗೆದು ಮಾಡುವ ಪಿಸಿಆರ್. ಕೋವಿಡ್ ಕಾಲದಲ್ಲಿ ಎಲ್ಲರೂ ಮೂಗಿಗೆ ಹಾಕಿಸಿಕೊಂಡದ್ದೇ ತರಹದ್ದು. ಗುಳ್ಳೆ ಹಳತಾದಷ್ಟೂ, ಒಣಗಿದಷ್ಟೂ ವೈರಸ್ಸು ಪರೀಕ್ಷೆಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ. ಅನುಭವಿ ಚರ್ಮವೈದ್ಯರು ಕಣ್ಣಿನಲ್ಲೇ ಗುರುತಿಸಿ ಮದ್ದು ಶುರು ಮಾಡುವುದೂ ಸರಿಯಾದ ಕ್ರಮವೇ. ರಕ್ತಪರೀಕ್ಷೆಯ ಕಥೆ ಬೇರೆ. ಐಜಿಎಂ ಎಂಬ ಪರೀಕ್ಷೆ ಹೊಸ ಸೋಂಕು ಯಾವುದು, ಹಳೆಯದು ಯಾವುದು ಎಂದು ಹೇಳಲಾರದು. ತುಟಿಯದೋ ಕೆಳಗಿನದೋ ಎಂದೂ ಹೇಳಲಾರದು. ಐಜಿಜಿ ಪಾಸಿಟಿವ್ ಎಂದರೆ ಯಾವತ್ತೋ ವೈರಸ್ಸು ಬಂದಿತ್ತು ಎಂದರ್ಥ. ಅದೂ ಅಂಕಿ ಕಡಿಮೆಯಿದ್ದರೆ ಸುಳ್ಳು ಪಾಸಿಟಿವ್ ಆಗಿರಬಹುದು. ಸೋಂಕು ತಗಲಿ ಎರಡು ಮೂರು ತಿಂಗಳವರೆಗೆ ಅದು ನೆಗೆಟಿವ್ ಎಂದೇ ತೋರಿಸುವುದೂ ಉಂಟು. ಲಕ್ಷಣ ಇಲ್ಲದವರಿಗೆ ಸುಮ್ಮನೆ ಈ ಪರೀಕ್ಷೆ ಮಾಡಿಸಬೇಡಿ ಎಂದು ಅಮೆರಿಕದ ತಜ್ಞರ ಸಮಿತಿಯೇ 2016ರಲ್ಲೂ 2023ರಲ್ಲೂ ಹೇಳಿದೆ.

ಇದನ್ನು ಇಷ್ಟು ಎಳೆದು ಬರೆಯಲು ಕಾರಣ ಟಾರ್ಚ್ ಟೆಸ್ಟ್. ಒಂದೆರಡು ಗರ್ಭಪಾತವಾದ ಹೆಣ್ಣುಮಗಳಿಗೆ ನಮ್ಮಲ್ಲಿ ಇವತ್ತಿಗೂ ಈ ಪರೀಕ್ಷೆ ಬರೆದುಕೊಡುವುದಿದೆ. ಟಾಕ್ಸೊಪ್ಲಾಸ್ಮಾ, ರುಬೆಲ್ಲಾ, ಸೈಟೊಮೆಗಾಲೊ, ಹರ್ಪಿಸ್ ಎಲ್ಲವನ್ನೂ ಒಂದೇ ಕಾಗದದಲ್ಲಿ ಅಚ್ಚು ಹಾಕಿಕೊಡುತ್ತಾರೆ. ಮೂವರಲ್ಲಿ ಇಬ್ಬರಿಗೆ ಇರುವ ತುಟಿಯ ವೈರಸ್ಸೇ ಸಾಕು, ಹರ್ಪಿಸ್ ಸಾಲಿನ ಎದುರು ಪಾಸಿಟಿವ್ ಎಂದು ದಪ್ಪ ಅಕ್ಷರದಲ್ಲಿ ಬರಲು. ಪದೇ ಪದೇ ಆಗುವ ಗರ್ಭಪಾತದ ಕಾರಣ ಹುಡುಕಲು ಟಾರ್ಚ್ ಬೇಡ ಎಂದು ಹೆರಿಗೆ ತಜ್ಞರ ಮಾರ್ಗಸೂಚಿಗಳು ಹೇಳಿ ಎಷ್ಟೋ ಕಾಲವಾಯಿತು. ಕಾಗದ ಮಾತ್ರ ನಿಂತಿಲ್ಲ. ಅದನ್ನು ಹಿಡಿದು ಮನೆಗೆ ಬಂದವಳು ಮಗು ನಿಲ್ಲದ ದುಃಖದ ಮೇಲೆ ಶೀಲದ ಪ್ರಶ್ನೆಗೂ ಉತ್ತರ ಕೊಡಬೇಕು. ಇಂಥ ಕಾಗದ ಯಾರ ಮನೆಯಲ್ಲಾದರೂ ಇದ್ದರೆ, ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದು ಇಲ್ಲಿ ಅಚ್ಚಿನಲ್ಲಿ ಹೇಳುತ್ತಿದ್ದೇನೆ.

ಇನ್ನು ಮದ್ದು. ಅಸೈಕ್ಲೊವಿರ್ ಎಂಬ ಮದ್ದು ಬೆಳಕಿಗೆ ಬಂದದ್ದು ಕಳೆದ ಶತಮಾನದ ಎಪ್ಪತ್ತರ ದಶಕದ ಕೊನೆಗೆ, ಗರ್ಟ್ರೂಡ್ ಎಲಿಯನ್ ಎಂಬ ವಿಜ್ಞಾನಿಯಿದ್ದ ಪ್ರಯೋಗಶಾಲೆಯಿಂದ. ಎಲಿಯನ್ ಕಥೆ ಅಪ್ಪೆಮಿಡಿ ಸೀಮೆಯವರಿಗೆ ಇಷ್ಟವಾದೀತು. ಹೆಣ್ಣು ಎಂಬ ಕಾರಣಕ್ಕೆ ಲ್ಯಾಬುಗಳಲ್ಲಿ ಕೆಲಸ ಸಿಗದೆ, ಒಂದು ಕಾಲದಲ್ಲಿ ಕಿರಾಣಿ ಕಂಪನಿಯೊಂದರಲ್ಲಿ ಉಪ್ಪಿನಕಾಯಿಯ ಹುಳಿ ಎಷ್ಟಿದೆ ಎಂದು ಪರೀಕ್ಷಿಸುತ್ತಿದ್ದರು. ಪಿಎಚ್‌ಡಿ ಕೊನೆಗೂ ಮುಗಿಸಲಿಲ್ಲ. 1988ರಲ್ಲಿ ನೊಬೆಲ್ ಬಂತು. ಅವರ ತಂಡದ ಮಾತ್ರೆಯ ಜಾಣತನ ಇಷ್ಟು: ಅದು ರಕ್ತದಲ್ಲಿ ಸುಮ್ಮನೆ ಓಡಾಡಿಕೊಂಡಿರುತ್ತದೆ, ವೈರಸ್ಸು ಹೊಕ್ಕ ಜೀವಕೋಶದಲ್ಲಿ ಮಾತ್ರ, ವೈರಸ್ಸಿನದೇ ಕಿಣ್ವ ತಗಲಿದಾಗ, ಎಚ್ಚೆತ್ತು ವೈರಸ್ಸು ತನ್ನ ನಕಲು ಮಾಡಿಕೊಳ್ಳುವುದನ್ನು ನಿಲ್ಲಿಸುತ್ತದೆ. ಆರೋಗ್ಯವಾಗಿರುವ ಕೋಶಗಳ ತಂಟೆಗೆ ಹೋಗುವುದು ಬಹಳ ಕಡಿಮೆ, ಅದಕ್ಕೇ ಅಡ್ಡಪರಿಣಾಮವೂ ಕಡಿಮೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರಿಗೆ ಮೊದಲೇ ಹೇಳಬೇಕು. ಮಾತ್ರೆಗೆ ಮಿತಿಯೂ ಅಲ್ಲೇ ಇದೆ. ನರಗಂಟಿನಲ್ಲಿ ಮಲಗಿರುವ ವೈರಸ್ಸು ನಕಲು ಮಾಡುವ ಕೆಲಸದಲ್ಲೇ ಇರುವುದಿಲ್ಲವಾದ್ದರಿಂದ ಮಾತ್ರೆ ಅದನ್ನು ಮುಟ್ಟಲಾರದು. ಹುಣ್ಣು ಬೇಗ ಒಣಗುತ್ತದೆ, ನೋವು ಇಳಿಯುತ್ತದೆ, ಬುಡ ಉಳಿಯುತ್ತದೆ.

ಈ ಮಾತ್ರೆಗೆ ಘಾಟಿ ಇಳಿಯಬೇಕಿಲ್ಲ. ಲೈಂಗಿಕ ಸೋಂಕುಗಳಿಗೆ ಸರ್ಕಾರದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಏಳು ಬಣ್ಣದ ಪೊಟ್ಟಣಗಳನ್ನು ಮಾಡಿಟ್ಟಿದೆ. ಅದರಲ್ಲಿ ಐದನೆಯದು, ಕೆಂಪು ಪೊಟ್ಟಣ, ಹರ್ಪಿಸ್‌ನದು: 400 ಮಿಲಿಗ್ರಾಂನ 21 ಅಸೈಕ್ಲೊವಿರ್ ಮಾತ್ರೆ, ದಿನಕ್ಕೆ ಮೂರರಂತೆ ಏಳು ದಿನಕ್ಕೆ. ದುಡ್ಡಿಲ್ಲ. ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಎಂಬ ಹೆಸರಿನಲ್ಲಿ ಇದಕ್ಕೇ ಕೋಣೆ, ಆಪ್ತಸಮಾಲೋಚಕರು ಇರುತ್ತಾರೆ. ಹುಣ್ಣು ಎಂದು ಹೋದವರಿಗೆ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಯನ್ನೂ ಅಲ್ಲೇ ಮಾಡುತ್ತಾರೆ, ಬೇಡ ಎನ್ನಬಾರದು. ಎರಡನೆಯ ಬಗೆಯ ಹರ್ಪಿಸ್ ಇದ್ದವರಿಗೆ ಎಚ್‌ಐವಿ ತಗಲುವ ಅಪಾಯ ಸುಮಾರು ಮೂರು ಪಟ್ಟು, ಏಕೆಂದರೆ ಒಡೆದ ಚರ್ಮ ತೆರೆದ ಬಾಗಿಲು. ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿದರೆ ಹೆಸರು ಹೇಳದೆಯೂ ವಿಚಾರಿಸಬಹುದು. ಊರಿನ ಮೆಡಿಕಲ್ ಶಾಪಿಗೆ ಹೆದರುವವರಿಗೆ ಒಂದು ಮಾತು: ಸೀತಾಳೆಗೂ ಸರ್ಪಸುತ್ತಿಗೂ ಬರೆಯುವುದು ಇದೇ ಅಸೈಕ್ಲೊವಿರ್, ಪ್ರಮಾಣ ಮಾತ್ರ ಬೇರೆ. ಚೀಟಿ ನೋಡಿದ ಅಂಗಡಿಯವರು ನಿಮ್ಮ ಪಕ್ಕೆಯ ಬಗ್ಗೆ ಮರುಗುವ ಸಾಧ್ಯತೆಯೇ ಹೆಚ್ಚು.

ಬುಡ ಉಳಿಯುತ್ತದೆ ಎಂಬಲ್ಲೇ ವ್ಯಾಪಾರ ಹುಟ್ಟುವುದು. ‘ಗುಪ್ತರೋಗಗಳಿಗೆ ಗ್ಯಾರಂಟಿ ಚಿಕಿತ್ಸೆ, ಪ್ರತಿ ತಿಂಗಳ ಎರಡನೇ ಮಂಗಳವಾರ, ಇಂಥ ಲಾಡ್ಜು’ ಎಂಬ ಜಾಹೀರಾತುಗಳು ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ಮಾತ್ರವಲ್ಲ, ಪತ್ರಿಕೆಗಳ ಒಳಪುಟದ ಮೂಲೆಯಲ್ಲೂ ಬಂದಿವೆ, ಬರುತ್ತಿವೆ. ನಾವು ಅಂಕಣಕಾರರು ಮೇಲಿನ ಅರ್ಧಪುಟದಲ್ಲಿ ವಿಜ್ಞಾನ ಬರೆಯುತ್ತೇವೆ, ಕೆಳಗಿನ ಮೂಲೆಯನ್ನು ಅವರಿಗೆ ಮಾರುತ್ತಾರೆ. ಮ್ಯಾಜಿಕ್ ಮದ್ದುಗಳ ಜಾಹೀರಾತು ತಡೆಯುವ ಕಾಯ್ದೆ 1954ರಿಂದಲೂ ಇದೆ. ಗುಹ್ಯರೋಗ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದು ಅದರಂತೆ ಅಪರಾಧ. ಮನುಷ್ಯನ ನರಗಂಟಿನಿಂದ ಈ ವೈರಸ್ಸನ್ನು ಕಿತ್ತು ತೆಗೆಯುವ ಮದ್ದು ಇವತ್ತಿನವರೆಗೆ ಅಲೋಪಥಿಯಲ್ಲೂ ಇಲ್ಲ, ಬೇರುನಾರಿನಲ್ಲೂ ಇಲ್ಲ. ಲಸಿಕೆಯೂ ಇಲ್ಲ. ದೊಡ್ಡ ಕಂಪನಿಯಾದ ಜಿಎಸ್‌ಕೆ ಪರೀಕ್ಷಿಸುತ್ತಿದ್ದ ಲಸಿಕೆಯೊಂದು ಎರಡನೇ ಹಂತದಲ್ಲೇ ನಿರೀಕ್ಷಿಸಿದ ಫಲ ಕೊಡದೆ 2024ರಲ್ಲಿ ಸೋತಿತು.

ಹಾಗಾದರೆ ಜೀವನಪೂರ್ತಿ ಹೀಗೆಯೇ? ಹೌದು, ಆದರೆ ಆ ‘ಹೀಗೆ’ ಏನು ಎಂದು ನೋಡಬೇಕು. ಎರಡನೆಯ ಬಗೆಯಾದರೆ ಮೊದಲ ವರ್ಷ ನಾಲ್ಕೈದು ಸಲ ಮರುಕಳಿಸಬಹುದು, ಒಂದನೆಯದಾದರೆ ಒಂದು ಸಲ ಅಥವಾ ಅದೂ ಇಲ್ಲ. ಮೊದಲ ಸಲದ ಆ ಜ್ವರ, ಗಂಟು, ಮೂರು ವಾರದ ಸಂಕಟ ಮತ್ತೆ ಬರುವುದಿಲ್ಲ. ನಾಲ್ಕಾರು ಗುಳ್ಳೆ ಎದ್ದು ವಾರದೊಳಗೆ ಒಣಗುತ್ತವೆ. ವರ್ಷ ಕಳೆದಂತೆ ಅಂತರ ಹೆಚ್ಚುತ್ತದೆ. ಏಳುವ ಮುಂಚಿನ ದಿನ ಆ ಜಾಗದಲ್ಲೋ ತೊಡೆಯಲ್ಲೋ ಜುಮುಜುಮು ಎನ್ನುವುದು ಹಲವರಿಗೆ ತಿಳಿಯುತ್ತದೆ. ಆಗಲೇ, ಮೊದಲ ದಿನದೊಳಗೆ, ಮಾತ್ರೆ ಶುರು ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಅಡಗುತ್ತದೆ. ಹಾಗಾಗಿ ಒಂದು ಸುತ್ತಿನ ಮಾತ್ರೆಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಡಾಕ್ಟರೇ ಬರೆದುಕೊಡುತ್ತಾರೆ. ಪದೇ ಪದೇ ಬರುವವರು ದಿನಕ್ಕೆ ಎರಡರಂತೆ ತಿಂಗಳುಗಟ್ಟಲೆ ತೆಗೆದುಕೊಳ್ಳುವ ಕ್ರಮವೂ ಇದೆ.

ಹುಣ್ಣು ಇರುವ ದಿನಗಳಿಗೆ ಸಣ್ಣ ಉಪಾಯಗಳು ಸಾಕು. ಉಗುರುಬೆಚ್ಚಗಿನ ಉಪ್ಪುನೀರಿನ ಟಬ್ಬಿನಲ್ಲಿ ಕೂರುವುದು, ಮೂತ್ರ ಮಾಡುವಾಗ ಮೇಲಿಂದ ಚೊಂಬಿನಲ್ಲಿ ನೀರು ಹೊಯ್ದುಕೊಳ್ಳುವುದು, ಪ್ಯಾರಸಿಟಮಾಲ್, ಸಡಿಲವಾದ ಹತ್ತಿ ಬಟ್ಟೆ. ಜುಲೈ ತಿಂಗಳಲ್ಲಿ ಒಣಗಿದ ಬಟ್ಟೆ ಎಂದರೆ ಮಲೆನಾಡಿನಲ್ಲಿ ಐಷಾರಾಮ, ಗೊತ್ತು. ಬಚ್ಚಲೊಲೆಯ ಮೇಲೆ ಹಾಕಿದ್ದಾದರೂ ಸರಿ, ಹಸಿ ಬಟ್ಟೆ ಬೇಡ. ಮೂತ್ರವೇ ಕಟ್ಟಿಕೊಂಡರೆ, ತಲೆ ಸಿಡಿದು ಕುತ್ತಿಗೆ ಬಿಗಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಹುಣ್ಣು ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಕಣ್ಣಿಗೆ ತಾಗಿಸಬಾರದು. ಇಷ್ಟು ಬಿಟ್ಟರೆ ಬೇರೆ ಮಡಿ ಬೇಕಿಲ್ಲ. ಶೌಚಾಲಯದಿಂದ, ಬಾವಿಯ ನೀರಿನಿಂದ, ತಟ್ಟೆ ಲೋಟದಿಂದ, ಒಟ್ಟಿಗೆ ಒಗೆದ ಬಟ್ಟೆಯಿಂದ ಇದು ಹರಡುವುದಿಲ್ಲ. ಚರ್ಮಕ್ಕೆ ಚರ್ಮ ತಾಗಬೇಕು. ಸೊಸೆಗೆ ಬೇರೆ ತಟ್ಟೆ ಇಡುವ ಅತ್ತೆಗೆ ವೈರಸ್ಸಿನ ಸಮರ್ಥನೆ ಇಲ್ಲ.

ದಾಂಪತ್ಯ ನಿಲ್ಲಿಸಬೇಕೆ ಎಂಬುದು ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ. ಗುಳ್ಳೆ ಅಥವಾ ಜುಮುಜುಮು ಇರುವ ದಿನಗಳಲ್ಲಿ ಪೂರ್ತಿ ದೂರ, ಉಳಿದಂತೆ ಕಾಂಡೋಮ್. ಕಾಂಡೋಮ್ ಅಪಾಯವನ್ನು ಚೆನ್ನಾಗಿಯೇ ತಗ್ಗಿಸುತ್ತದೆ, ಆದರೆ ಅದು ಮುಚ್ಚದ ಜಾಗದ ಚರ್ಮದಿಂದ ದಾಟುವ ಸಾಧ್ಯತೆ ಉಳಿಯುತ್ತದೆ. 2004ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ ಒಬ್ಬರಿಗೆ ಹರ್ಪಿಸ್ ಇದ್ದು ಇನ್ನೊಬ್ಬರಿಗೆ ಇಲ್ಲದ 1484 ಜೋಡಿಗಳನ್ನು ಎಂಟು ತಿಂಗಳು ಗಮನಿಸಿದರು. ದಿನಾ ಒಂದು ವಾಲಸೈಕ್ಲೊವಿರ್ ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ ನೂರಕ್ಕೆ ಇಬ್ಬರಿಗೆ ಸೋಂಕು ದಾಟಿತು. ಮಾತ್ರೆ ಇಲ್ಲದ ಗುಂಪಿನಲ್ಲೂ ದಾಟಿದ್ದು ನೂರಕ್ಕೆ ನಾಲ್ವರಿಗಿಂತ ಕಡಿಮೆ ಜನಕ್ಕೆ. ಮುಟ್ಟಿದರೆ ಬಂದೇ ಬಿಡುತ್ತದೆ ಎಂದು ಬೇರೆ ಕೋಣೆಯಲ್ಲಿ ಮಲಗುವ ಗಂಡಂದಿರು ಈ ಅಂಕಿಯನ್ನು ಎರಡು ಸಲ ಓದಲಿ.

ಮದುವೆಯ ಮಾತುಕತೆಯಲ್ಲಿರುವ ಹುಡುಗ ಹುಡುಗಿಯರ ಇಕ್ಕಟ್ಟು ಇನ್ನೂ ಬಿಗಿ. ಹೇಳಬೇಕೆ? ಹೇಳಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಜಾತಕ ತಂದ ಭಟ್ಟರಿಗಲ್ಲ, ಸಂಬಂಧ ತಂದ ದೊಡ್ಡಪ್ಪನಿಗಲ್ಲ, ನಿಶ್ಚಯದ ಹಾಲ್‌ನಲ್ಲೂ ಅಲ್ಲ. ಮದುವೆಯಾಗುವ ಒಬ್ಬರಿಗೆ, ಇಬ್ಬರೇ ಇರುವಾಗ, ಮುಹೂರ್ತಕ್ಕೆ ಸಾಕಷ್ಟು ಮುಂಚೆ. ‘ನಂಗೆ ಹರ್ಪಿಸ್ ಇದೆ. ತುಟಿಗೆ ಗುಳ್ಳೆ ಬರ್ತದಲ್ಲ, ಅದರದ್ದೇ ಜಾತಿ. ವರ್ಷಕ್ಕೆ ಒಂದೆರಡು ಸಲ ಬರಬಹುದು, ಮಾತ್ರೆ ಇದೆ. ನಿಂಗೆ ಏನು ಕೇಳ್ಬೇಕೋ ಕೇಳು, ಬೇಕಾದ್ರೆ ಒಟ್ಟಿಗೇ ಡಾಕ್ಟ್ರ ಹತ್ರ ಹೋಗೋಣ’ ಎಂಬಷ್ಟು ಸಾಕು. ಅತ್ತು, ಕ್ಷಮೆ ಕೇಳಿ ಶುರುಮಾಡಿದರೆ ಕೇಳುವವರಿಗೆ ಅದು ದೊಡ್ಡ ಅಪರಾಧದ ತಪ್ಪೊಪ್ಪಿಗೆಯಾಗಿ ಕೇಳಿಸುತ್ತದೆ. ಕೆಲವರು ಬೇಡ ಎಂದು ಎದ್ದುಹೋಗುತ್ತಾರೆ, ಅದೂ ಅವರ ಹಕ್ಕು.

ಮುಚ್ಚಿಟ್ಟು ಮದುವೆಯಾದರೆ ಕಾನೂನಿನ ಕಡೆಯಿಂದಲೂ ತೊಡಕಿದೆ. 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಹರಡಬಲ್ಲ ಸ್ಥಿತಿಯ ಗುಹ್ಯರೋಗ ವಿಚ್ಛೇದನಕ್ಕೆ ಒಂದು ಕಾರಣ. ಅದೇ ಪಟ್ಟಿಯಲ್ಲಿದ್ದ ಕುಷ್ಠರೋಗವನ್ನು ಸಂಸತ್ತು 2019ರಲ್ಲಿ ತೆಗೆದುಹಾಕಿತು, ಗುಹ್ಯರೋಗ ಹಾಗೇ ಉಳಿಯಿತು. ಆ ಸಾಲು ಬರೆದಾಗ ಹರ್ಪಿಸ್‌ನಲ್ಲಿ ಎರಡು ಬಗೆ ಇರುವುದೂ ಸ್ಪಷ್ಟವಿರಲಿಲ್ಲ, ಮಾತ್ರೆಯಂತೂ ಇರಲೇ ಇಲ್ಲ. ಐವರಲ್ಲಿ ಒಬ್ಬರಿಗಿರುವ, ಇರುವುದು ಬಹುತೇಕರಿಗೆ ಗೊತ್ತೇ ಇಲ್ಲದ ಸೋಂಕನ್ನು ಈ ಹಳೆಯ ಸಾಲಿನ ಕೆಳಗೆ ಎಳೆದುತರುವುದು ನ್ಯಾಯವೆಂದು ನನಗನಿಸುವುದಿಲ್ಲ. ಕಾನೂನು ತಿದ್ದುವವರು ಈ ಕಡೆಗೂ ಕಣ್ಣು ಹಾಯಿಸಬೇಕು.

ಕೊನೆಯದಾಗಿ ಬಸುರಿಯರ ವಿಷಯ, ಏಕೆಂದರೆ ಜನನಾಂಗದ ಹರ್ಪಿಸ್ ನಿಜಕ್ಕೂ ಜೀವಕ್ಕೆ ಮುಳುವಾಗಬಹುದಾದ ಮುಖ್ಯ ಸಂದರ್ಭ ಇದು. ಹುಟ್ಟುವ ಮಗುವಿಗೆ ಹೆರಿಗೆಯ ದಾರಿಯಲ್ಲಿ ಸೋಂಕು ತಗಲಿದರೆ ಮಿದುಳಿಗೆ ಏರಬಹುದು. ಆದರೆ ದೊಡ್ಡ ಅಪಾಯ ಇರುವುದು ಹಳೆಯ ಸೋಂಕಿನ ತಾಯಂದಿರಿಗಲ್ಲ, ಕೊನೆಯ ಮೂರು ತಿಂಗಳಲ್ಲಿ ಮೊದಲ ಬಾರಿ ಸೋಂಕು ತಗಲಿದವರಿಗೆ. ಅಂಥವರಲ್ಲಿ ಮಗುವಿಗೆ ದಾಟುವ ಸಂಭವ ನೂರಕ್ಕೆ ಮೂವತ್ತರಿಂದ ಐವತ್ತು. ಮುಂಚೆಯೇ ಇದ್ದವರಲ್ಲಿ, ತಾಯಿಯ ರಕ್ತದ ರಕ್ಷಣೆ ಮಗುವಿಗೂ ಹೋಗಿರುವುದರಿಂದ, ಅದು ತೀರಾ ಕಡಿಮೆ. ಆದ್ದರಿಂದ ಗಂಡನಿಗೆ ಹರ್ಪಿಸ್ ಇದ್ದು ಹೆಂಡತಿಗೆ ಇಲ್ಲದಿದ್ದರೆ ಕೊನೆಯ ಮೂರು ತಿಂಗಳು ದೂರವಿರುವುದು ಕ್ಷೇಮ. ತುಟಿಯಲ್ಲಿ ಗುಳ್ಳೆ ಇದ್ದರೂ ಅದೇ ಮಾತು. ಹೆಂಡತಿಗೇ ಇದ್ದರೆ ತಾಯಿ ಕಾರ್ಡ್ ಮಾಡಿಸುವ ದಿನವೇ ಡಾಕ್ಟರಿಗೆ ಹೇಳಿಬಿಡಬೇಕು. 36ನೇ ವಾರದಿಂದ ಹೆರಿಗೆಯವರೆಗೆ ಅಸೈಕ್ಲೊವಿರ್ ಕೊಡುತ್ತಾರೆ, ನೋವು ಶುರುವಾದಾಗ ಗುಳ್ಳೆ ಇಲ್ಲದಿದ್ದರೆ ಸಹಜ ಹೆರಿಗೆ, ಇದ್ದರೆ ಸಿಸೇರಿಯನ್. ಎದೆಹಾಲು ಕೊಡಲು ಅಡ್ಡಿಯಿಲ್ಲ, ಎದೆಯ ಮೇಲೆ ಗುಳ್ಳೆ ಎದ್ದಿದ್ದರೆ ಆ ಕಡೆಯದನ್ನು ಒಣಗುವವರೆಗೆ ಬಿಡಬೇಕು. ಇನ್ನು ಬಾಣಂತಿ ನೋಡಲು ಬರುವ ನೆಂಟರು. ತುಟಿ ಒಡೆದಿದ್ದರೆ ಮಗುವಿಗೆ ಮುತ್ತಿಡಬೇಡಿ ಎಂದು ಅವರಿಗೆ ಮುಲಾಜಿಲ್ಲದೆ ಹೇಳುವ ಕೆಲಸವನ್ನು ಮನೆಯ ಅಜ್ಜಿಗೆ ವಹಿಸಿದರೆ ಒಳ್ಳೆಯದು. ಅವರ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ.